‘ಬಸ್’ ಅನ್ನಲಾರದ ಅಮರಮ್ಮ

ಬೆಳ್ಳಿ ಮೂಡಿ ಬಹಳ ಹೊತ್ತಾಗಿಲ್ಲ. ಸಿಂಧನೂರಿನ ಹೊರಗೆ, ಕಾಲುವೆ ಕೆಲಸದವರ ಹೊಸ ಕ್ಯಾಂಪಿಗೆಂದು ಗುರುತು ಹಾಕಿದ ಎರೆ ಬಯಲಿನಲ್ಲಿ ಒಬ್ಬ ಹೆಂಗಸು ಬರಿಗಾಲಲ್ಲಿ ಅಡ್ಡಾಡುತ್ತಿದ್ದಾಳೆ. ಏನೋ ಕಳೆದುಕೊಂಡು ಹುಡುಕುವವರ ಹಾಗೆ ಕಾಣುತ್ತದೆ, ಆದರೆ ಹುಡುಕುತ್ತಿಲ್ಲ. ಹಿಮ್ಮಡಿಯಿಂದ ನೆಲವನ್ನು ಒತ್ತಿ ನೋಡುತ್ತಾಳೆ, ಸ್ವಲ್ಪ ಸರಿದು ಮತ್ತೆ ಒತ್ತುತ್ತಾಳೆ. ಒಂದು ಕಡೆ ಹಿಮ್ಮಡಿ ಮೆತ್ತಗೆ ಒಳಗಿಳಿಯುತ್ತದೆ. ಅಲ್ಲಿ ಒಂದು ಜಾಲಿಯ ಟೊಂಗೆ ನೆಡುತ್ತಾಳೆ. ಇಲ್ಲಿ ಗಾಲಿ ಬರಬಾರದು ಎಂದು ಅದರ ಅರ್ಥ. ಆಮೇಲೆ ಸೊಂಟಕ್ಕೆ ಕೈಕೊಟ್ಟು ತಲೆಯೆತ್ತಿ, ಬಯಲಿನ ಅಂಚಿನ ಬೇವಿನ ಗಿಡದ ಕೆಳಗಿನ ಟೊಂಗೆಯನ್ನು ಬಹಳ ಹೊತ್ತು ನೋಡುತ್ತಾಳೆ.

“ನೆಲ ನೋಡೋರು ಭಾಳ ಮಂದಿ ಅದಾರ್ರಿ. ಮ್ಯಾಲ ನೋಡೋರು ಕಡಿಮಿ. ಗಾಡಿಗೆ ತಲೀನೂ ಇರತೈತಿ ಅನ್ನೋದು ಮರತಬಿಡತಾರ” ಎನ್ನುತ್ತಾಳೆ ಅಮರಮ್ಮ.

ದಾರಿಯ ಬದಿಯಲ್ಲಿ, ರಾತ್ರಿಯೆಲ್ಲ ಇಬ್ಬನಿ ಕುಡಿದು ನಿಂತಿದೆ ಆ ಗಾಡಿ. ನಿನ್ನೆ ಹೊತ್ತು ಮುಳುಗುವಾಗ ಮಸ್ಕಿಯಿಂದ ಬಂದದ್ದು. ಕತ್ತಲಾದ ಮೇಲೆ ಬಯಲಿಗೆ ಇಳಿಸಬಾರದೆಂದು ಅಮರಮ್ಮ ಕೈ ಅಡ್ಡ ಹಿಡಿದಿದ್ದಳು. ಅದಕ್ಕೆ ಚಾಲಕ ಕೋಟಯ್ಯ ಅದರ ಮುಂದಿನ ಸೀಟಿನಲ್ಲೇ ಮುದುಡಿ ಮಲಗಿದ್ದಾನೆ. ಈಗ ಬೆಳಕು ಹರಿಯುತ್ತಿದೆ. ಆ ಉದ್ದನೆಯ ಗಾಡಿಯನ್ನು ಹಿಂದಹಿಂದಕ್ಕೆ ತಂದು, ಮೂತಿ ದಾರಿಯ ಕಡೆಗಿರುವಂತೆ ಬೇವಿನ ಗಿಡದ ಪಕ್ಕ ನಿಲ್ಲಿಸಬೇಕು. ಮಳೆ ಬಿದ್ದು ಎರೆ ಅಂಟಾದರೆ ನೆಟ್ಟಗೆ ಮುಂದಕ್ಕೆ ಹೊರಟುಬಿಡಬಹುದು, ಅದಕ್ಕೆ. ಬೇರೆ ದಿನವಾಗಿದ್ದರೆ ಅಮರಮ್ಮನಿಗೆ ಇದೊಂದು ಕೆಲಸವೇ ಅಲ್ಲ. ಆದರೆ ಇವತ್ತು ಆಕೆ ಎದ್ದಾಗಿನಿಂದ ಒಂದು ಗುಟುಕು ಚಹಾ ಕುಡಿದಿಲ್ಲ. ಇವತ್ತು ಈ ಗಾಡಿಗೆ ಒಂದು ಗೀರು ಬಿದ್ದರೂ ಆಕೆ ಮತ್ತೆ ಮಣ್ಣಿನ ಪುಟ್ಟಿ ಹೊರಲು ಹೋಗಬೇಕು.

ಇಂಥ ಗಾಡಿಗಳಿಗೆ ಲಿಂಗಸುಗೂರಿನಿಂದ ಸಿಂಧನೂರಿನ ತನಕ ಜನ ಇಟ್ಟ ಹೆಸರು ‘ಮನಿಮೋಟಾರು’. ಎರಡನೇ ಮಹಾಯುದ್ಧ ಮುಗಿದ ಮೇಲೆ ದಂಡಿನವರು ಮಾರಿದ ಲಾರಿಗಳ ಮೇಲೆ ಮರದ ಮನೆ ಕಟ್ಟಿದ್ದಾರೆ. ಒಳಗೆ ಮಡಚುವ ಮಂಚ, ನಕಾಶೆ ಬಿಡಿಸುವ ಮೇಜು, ಒಲೆ, ಒಲೆಯ ಹೊಗೆ ಹೋಗಲು ಮಾಡಿನ ಮೇಲೆ ಒಂದು ತಗಡಿನ ಕೊಳವೆ, ಹತ್ತಿ ಇಳಿಯಲು ಮೆಟ್ಟಿಲು. ಕಾಲುವೆಯ ಅಳತೆ ಮಾಡುವ ಅಧಿಕಾರಿಗಳು ಇವತ್ತು ಈ ಊರು, ತಿಂಗಳು ಬಿಟ್ಟು ಇನ್ನೊಂದೂರು ಎಂದು ಸಂಸಾರವನ್ನೇ ಕಟ್ಟಿಕೊಂಡು ಈ ಗಾಡಿಗಳಲ್ಲಿ ಓಡಾಡುತ್ತಾರೆ. ರಸ್ತೆಯಲ್ಲಿ ಅವು ಗೌಡರಂತೆ ಗಂಭೀರವಾಗಿ ಬರುತ್ತವೆ. ಕ್ಯಾಂಪಿನ ಬಯಲಿಗೆ ಬಂದು ಹಿಂದಕ್ಕೆ ಸರಿಯತೊಡಗಿದವೋ, ಕುರುಡಾಗುತ್ತವೆ. ಡೇರೆಯ ಹಗ್ಗ, ಗೂಟ, ನೀರಿನ ತೊಟ್ಟಿ, ಜಾಲಿ ಗಿಡ, ಯಾರದೋ ಒಲೆ, ಯಾವುದನ್ನೂ ಬಿಡುವುದಿಲ್ಲ. ಆಗ ಅವುಗಳ ಕಣ್ಣಾಗಿ ಹಿಂದೆ ನಿಲ್ಲುವವಳು ಅಮರಮ್ಮ. ಸರ್ಕಾರಿ ಹಾಜರಿಯಲ್ಲಿ ಆಕೆ ಇನ್ನೂ ‘ಹೆಣ್ಣಾಳು’ ಅಷ್ಟೆ. ಈ ಕೆಲಸಕ್ಕೆ ಅಲ್ಲಿ ಹೆಸರಿಲ್ಲ.

ಆಕೆಯ ತವರು ಮುದಗಲ್ ಕಡೆಯ ಒಂದು ಹಳ್ಳಿ. ಗಂಡ ದೊಡ್ಡಬಸಪ್ಪನ ಜೊತೆ ಲಿಂಗಸುಗೂರಿಗೆ ಕೂಲಿಗೆ ಬಂದವಳು ವರ್ಷಗಟ್ಟಲೆ ತಲೆಯ ಮೇಲೆ ಮಣ್ಣು ಹೊತ್ತಳು. ಆ ಭಾರಕ್ಕೆ ಕುತ್ತಿಗೆಯ ಎಡಭಾಗ ಸೆಟೆದುಕೊಂಡಿದೆ. ಯಾರಾದರೂ ಆ ಕಡೆಯಿಂದ ಕರೆದರೆ ಆಕೆ ಮುಖ ತಿರುಗಿಸುವುದಿಲ್ಲ, ಇಡೀ ಮೈಯನ್ನೇ ಬಾಗಿಲಿನ ಹಾಗೆ ತಿರುಗಿಸುತ್ತಾಳೆ. ಪುಟ್ಟಿ ಅಂದರೆ ಈಗಲೂ ಆಕೆಯ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ.

ಪುಟ್ಟಿಯಿಂದ ಬಿಡುಗಡೆ ಸಿಕ್ಕಿದ್ದು ಲಿಂಗಸುಗೂರಿನಲ್ಲಿ, ಹಿಂದೆ ದಂಡು ಬೀಡುಬಿಡುತ್ತಿದ್ದ ಹಳೆ ಛಾವಣಿ ಬಯಲಿನಲ್ಲಿ. ಹಿರಿಯ ಚಾಲಕ ಮಕ್ತುಮ್‌ಸಾಬ್ ಅಂದು ಮನಿಮೋಟಾರನ್ನು ಹಿಂದಕ್ಕೆ ತರುತ್ತಿದ್ದ. ಅವನ ಕ್ಲೀನರ್ ಮಾವನ ಮನೆಯ ಹೋಳಿಗೆಗೆ ಹೋಗಿದ್ದ. ಗಾಡಿಯ ಬಾಲ ನೇರ ಬಾವಿಯ ಕಟ್ಟೆಗೇ ಗುರಿ ಇಟ್ಟಿತ್ತು. ಮಣ್ಣು ಹೊತ್ತು ಹೊರಟಿದ್ದ ಅಮರಮ್ಮ ಪುಟ್ಟಿಯನ್ನು ಅಲ್ಲೇ ಎತ್ತಿಹಾಕಿ, “ಸಾಕೋ ಯಪ್ಪಾ, ಸಾಕು!” ಎಂದು ಕೂಗಿದಳು. ಗಾಡಿ ನಿಂತಿತು. ಮಕ್ತುಮ್‌ಸಾಬ್ ಇಳಿದು ಬಂದು ಕಟ್ಟೆಗೂ ಬಾಲಕ್ಕೂ ನಡುವಿನ ಸಂದಿಯಲ್ಲಿ ತನ್ನ ಕೈ ತೂರಿಸಿ ನೋಡಿದ. ಅಂಗೈ ಅಡ್ಡಲಾಗಿ ಹಿಡಿಸಲಿಲ್ಲ.

“ಯವ್ವಾ, ನಿನ್ನ ಗಂಟಲಾಗ ಏನ್ ಹಾರ್ನ್ ಇಟ್ಟೀದಿ? ನಾಳಿಯಿಂದ ಪುಟ್ಟಿ ಬಿಡು. ನನ್ನ ಗಾಡಿ ಹಿಂದ ನಿಂದ್ರು. ನಾ ಸಾಹೇಬರಿಗೆ ಹೇಳ್ತೀನಿ” ಅಂದ. ಹೇಳಿಯೂ ಹೇಳಿದ.

ಅಂದಿನಿಂದ ಅವನೇ ಗುರು. ಅವನು ಕಲಿಸಿದ್ದನ್ನೂ ತಾನೇ ಕಂಡುಕೊಂಡದ್ದನ್ನೂ ಅಮರಮ್ಮ ಈಗ ಒಂದೇ ಉಸಿರಿನಲ್ಲಿ ಹೇಳುತ್ತಾಳೆ. “ಮೊದಲ ಗಾಡಿ ನಿಂದ್ರಿಸಿ ಇಳೀಬೇಕ್ರಿ. ಜಾಗಾ ಕಾಲಿಲೆ ತುಳದು ನೋಡಬೇಕು. ಕಿಡಕಿ ಮುಚ್ಚೈತೋ, ಮೆಟ್ಟಲಾ ಮಡಚ್ಯಾರೋ, ಒಳಗ ಭಾಂಡೆ ಕಟ್ಟ್ಯಾರೋ ನೋಡಬೇಕು. ಒಬ್ಬರ ಕೂಗಬೇಕು. ನಾಕ್ ಮಂದಿ ಕೂಗಿದ್ರ ಡ್ರೈವರ್ ಯಾರ ಮಾತ ಕೇಳ್ಯಾನು? ಕನ್ನಡಿಯಾಗ ನನ್ನ ಮಾರಿ ಅವಗ ಕಾಣಬೇಕು. ಕಾಣಲಿಲ್ಲೋ, ಗಾಡಿ ನಿಂದ್ರಬೇಕು. ಮತ್ತ ಅವಸರ ಮಾಡಬಾರದು. ಹಿಂದಕ್ಕ ಹೋಗೋದ್ರಾಗ ಮುಂದ ಹೋಗೋ ಮಂದಿಯ ಅವಸರ ನಡಿಯಂಗಿಲ್ರಿ.”

ಬಾಲದ ವಿಷಯಕ್ಕೆ ಬಂದರೆ ಆಕೆಗೆ ನಗು. ಹಿಂದಿನ ಗಾಲಿಯನ್ನು ದಾಟಿ ಮನೆ ಇನ್ನೂ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಮೂತಿ ಎಡಕ್ಕೆ ಹೊರಳಿದರೆ ಬಾಲ ಬಲಕ್ಕೆ ಬೀಸುತ್ತದೆ. “ಎಮ್ಮಿ ಕೊಟ್ಟಿಗ್ಯಾಗ ತಿರುಗಿದ್ರ ಏನಾಗತೈತ್ರಿ? ಮೂತಿ ಮೇವಿಗೆ, ಬಾಲ ನಮ್ಮ ಕಪಾಳಕ್ಕ. ಹಂಗ ಇದು.”

ಇಷ್ಟೆಲ್ಲ ಗೊತ್ತಿದ್ದ ಅಮರಮ್ಮನಿಗೆ ಒಂದೇ ಒಂದು ತೊಡಕು. ಅದು ಒಂದು ಮಾತಿನದು.

ಹೈದರಾಬಾದಿನಿಂದ ಹಿಡಿದು ಹಟ್ಟಿಯ ಚಿನ್ನದ ಗಣಿಯ ತನಕ, ಗಾಡಿಯನ್ನು ಹಿಂದಕ್ಕೆ ತರಿಸುವವರೆಲ್ಲ “ಆನೇ ದೋ, ಆನೇ ದೋ” ಎಂದು ಕರೆಯುತ್ತಾರೆ, ನಿಲ್ಲಿಸಲು “ಬಸ್!” ಎನ್ನುತ್ತಾರೆ. ಉರ್ದುವಿನಲ್ಲಿ ಮೊದಲಿನದಕ್ಕೆ ಬರಲಿ ಎಂದು ಅರ್ಥ, ಎರಡನೆಯದಕ್ಕೆ ಸಾಕು ಎಂದು. ಅಮರಮ್ಮ “ಆನೇ ದೋ” ಎಂದು ಮಕ್ತುಮ್‌ಸಾಬನಿಗಿಂತ ಚೆನ್ನಾಗಿ ಕೂಗುತ್ತಾಳೆ. ಆದರೆ “ಬಸ್” ಎನ್ನುವುದಿಲ್ಲ. ಎನ್ನಲಾರಳು. ಗಂಡನ ಹೆಸರು ದೊಡ್ಡಬಸಪ್ಪ, ಮನೆಮಂದಿಯ ಬಾಯಲ್ಲಿ ಬರೀ ಬಸ್ಸಪ್ಪ. ಗಂಡನ ಹೆಸರು ನಾಲಿಗೆಗೆ ತಂದರೆ ಅವನ ಆಯುಷ್ಯ ಸವೆಯುತ್ತದೆ ಎಂದು ಅವ್ವ ಹೇಳಿದ್ದನ್ನು ಆಕೆ ಮೀರಿದವಳಲ್ಲ. ಸಂತೆಯಲ್ಲಿ ಬಸರಿ ಗಿಡದ ಗುರುತು ಹೇಳಬೇಕಾದರೂ “ಆ ಹಾಲು ಬರೋ ಗಿಡ” ಎನ್ನುತ್ತಾಳೆ. ಹೀಗಾಗಿ ಬಾವಿಕಟ್ಟೆಯ ದಿನ ಕೂಗಿದ “ಸಾಕು” ಎಂಬುದೇ ಆಕೆಯ ‘ಬಸ್’ ಆಯಿತು. ಕನ್ನಡ ಬಲ್ಲ ಮಕ್ತುಮ್‌ಸಾಬನಿಗೆ ಅದು ಸಾಕಾಗಿತ್ತು.

ಮಸ್ಕಿಯಲ್ಲಿ ಕ್ಯಾಂಪ್ ಬಿದ್ದಾಗ ಮಕ್ತುಮ್‌ಸಾಬನ ಕಣ್ಣಿಗೆ ಪೊರೆ ಬಂದು, ಅವನು ಸ್ಟೇರಿಂಗ್ ಬಿಟ್ಟು ಗಾಡಿಗಳ ಕಾವಲಿಗೆ ಕುಳಿತ. ಹೊಸ ಚಾಲಕ ಕೋಟಯ್ಯ ಬಂದ. ಗುಂಟೂರು ಕಡೆಯ ಹುರುಪಿನ ಮನುಷ್ಯ, ಮನೆಮಾತು ತೆಲುಗು. ಮೊದಲ ದಿನವೇ ಓವರ್ಸಿಯರ್ ಶಿವಶರಣಪ್ಪನವರ ಮನಿಮೋಟಾರನ್ನು ಗುಡ್ಡದ ಕೆಳಗಿನ ಜಾಲಿ ಗಿಡಗಳ ನಡುವೆ ಹಿಂದಕ್ಕೆ ತರುತ್ತಿದ್ದ. ಅಮರಮ್ಮ “ಸಾಕು!” ಎಂದಳು. ಗಾಡಿ ಬಂತು. “ಸಾಕು, ಸಾಕು!” ಎಂದಳು. ಗಾಡಿ ಇನ್ನಷ್ಟು ಹುರುಪಿನಿಂದ ಬಂತು. ಆಕೆ ಕೂಗಿದಷ್ಟೂ ಅವನು ಒತ್ತಿದ. ಹಿಂದಿನ ಕಿಟಕಿ ಒಡೆದು ಜಾಲಿಯ ಟೊಂಗೆ ಮನೆಯೊಳಗೇ ಬಂದು ಕುಳಿತಿತು. ಗೂಡಿನಲ್ಲಿದ್ದ ಉಪ್ಪಿನಕಾಯಿಯ ಭರಣಿ ಉರುಳಿ, ಮೇಜಿನ ಮೇಲೆ ಹರಡಿದ್ದ ಕಾಲುವೆಯ ನಕಾಶೆಯ ಮೇಲೆ ಕೆಂಪು ಎಣ್ಣೆ ಹರಿಯಿತು. ಕಾಲುವೆಯಲ್ಲಿ ನೀರಿಗಿಂತ ಮೊದಲು ಉಪ್ಪಿನಕಾಯಿ ಹರಿಯಿತು ಎಂದು ಕ್ಯಾಂಪಿನಲ್ಲಿ ಇಂದಿಗೂ ನಗುತ್ತಾರೆ.

ಅಂದು ಮಾತ್ರ ಯಾರೂ ನಗಲಿಲ್ಲ. ಕೋಟಯ್ಯ ಇಳಿದು ಬಂದವನೇ ಕೈ ಕೈ ಹಿಸುಕಿಕೊಂಡ. “ಈ ಅಮ್ಮನೇ ಸಾಗು, ಸಾಗು ಅಂತ ಅಂದ್ಳಲ್ಲ ಸಾರ್! ಸಾಗು ಅಂದ್ರೆ ನಾನು ಸಾಗಿದ್ನಿ” ಎಂದ.

ತೆಲುಗಿನಲ್ಲೂ ಸಾಗು ಅಂದರೆ ಮುಂದುವರಿ ಎಂದೇ. ಎಂಜಿನ್ನಿನ ಗದ್ದಲದಲ್ಲಿ ಆಕೆಯ ‘ಕು’ ಅವನ ಕಿವಿಗೆ ‘ಗು’ ಆಗಿ ತಲುಪಿತ್ತು. ತಪ್ಪು ಯಾರದೆಂದು ಹೇಳುವುದು ಕಷ್ಟ. ಶಿವಶರಣಪ್ಪನವರು ಸಿಟ್ಟಿನ ಮನುಷ್ಯರಲ್ಲ. ಆದರೂ ಆ ನಕಾಶೆಯನ್ನು ಎರಡು ಬೆರಳಿನಲ್ಲಿ ಹಿಡಿದು ನಿಂತು, “ನೋಡಮ್ಮ, ಮ್ಯಾಲಿನವರಿಗೆ ನಾ ಉತ್ತರಾ ಕೊಡಬೇಕು. ಇನ್ನೊಮ್ಮೆ ಹಿಂಗಾದ್ರ ನಾ ಬ್ಯಾರೆಯವರನ್ನ ನಿಂದ್ರಸ್ತೀನಿ. ನೀ ನಿನ್ನ ಪುಟ್ಟಿಗೆ ಹೋಗು” ಎಂದರು. ಅಮರಮ್ಮ ತಲೆಯಾಡಿಸಿದಳು. ಕೈ ಕುತ್ತಿಗೆಗೆ ಹೋಯಿತು.

ಅಂದು ಮಧ್ಯಾಹ್ನ ರೊಟ್ಟಿ ತಿನ್ನುವ ಹೊತ್ತಿಗೆ ಗಾಡಿಯ ನೆರಳಿನಲ್ಲಿ ದೊಡ್ಡ ಪಂಚಾಯಿತಿಯೇ ನಡೆಯಿತು.

“ಒಂದು ಸಲ ಬಸ್ ಅಂದ್ರ ನಿನ್ನ ಗಂಟೇನು ಹೋಗತೈತಿ ಬೇ?” ಎಂದ ಮಕ್ತುಮ್‌ಸಾಬ್.

“ನನ್ನ ಗಂಟ ಅಲ್ಲಿ ಕುಂತೈತಿ ನೋಡ್ರಿ, ರೊಟ್ಟಿ ಮುರಿಯಾಕತ್ತೈತಿ” ಎಂದು ಗಂಡನ ಕಡೆ ಗದ್ದ ತೋರಿಸಿದಳು ಅಮರಮ್ಮ.

ದೊಡ್ಡಬಸಪ್ಪ ಕ್ಯಾಂಪಿಗೆ ಬಂಡಿಯಲ್ಲಿ ನೀರು ತರುವವನು. ಕಾಲುವೆಯ ಬಂಡೆ ಒಡೆಯುವಾಗ ಮದ್ದಿನ ಸದ್ದಿಗೆ ಅವನ ಒಂದು ಕಿವಿ ಮಂದವಾಗಿದೆ. ಏನು ಮಾತೆಂದು ಕೇಳಿ ತಿಳಿದುಕೊಂಡು, “ಅನ್ನು ಲೇ! ನಾ ಏನ್ ಉಪ್ಪಿನ ಗೊಂಬಿ ಏನ್, ಹೆಸರ ಹಿಡದ್ರ ಕರಗಾಕ?” ಎಂದ.

“ಅವರಿಗೇನು, ಅಂತಾರ. ಸತ್ತಮ್ಯಾಲ ಅಳಾಕಿ ನಾನು.”

“ಆಪು ಅನಮ್ಮ, ನಮ್ಮ ತೆಲುಗಲ್ಲಿ ಆಪು ಅಂದ್ರೆ ನಿಲ್ಸು ಅಂತ” ಎಂದು ಕೋಟಯ್ಯ ದಾರಿ ತೋರಿಸಿದ. ಅಮರಮ್ಮ ಎದ್ದು ನಿಂತು ಕೂಗಿ ತೋರಿಸಿದಳು. ಮಕ್ತುಮ್‌ಸಾಬ್ ತಲೆ ಅಲ್ಲಾಡಿಸಿದ. ಎಂಜಿನ್ ಶುರುವಾದರೆ ‘ಪು’ ಗಾಳಿಗೆ ಹೋಗಿ ಬರೀ ‘ಆ’ ಉಳಿಯುತ್ತದೆ, “ಆ, ಆ” ಎಂದರೆ ಜಗತ್ತಿನ ಎಲ್ಲ ಕ್ಲೀನರ್‌ಗಳ ಬಾಯಲ್ಲೂ ಬಾ ಎಂದೇ ಅರ್ಥ. ‘ನಿಂದ್ರು’ ಆಗಬಹುದೇ ಎಂದರೆ, ಅಷ್ಟುದ್ದದ ಮಾತು ಮುಗಿಯುವ ಹೊತ್ತಿಗೆ ಗಿಡ ಬಿದ್ದಿರುತ್ತದೆ ಎಂದ. ಬಸ್ ಎಂಬುದು ಮೊಳೆಯ ಹಾಗೆ, ಎಂಜಿನ್ನಿನ ಸದ್ದನ್ನು ತೂರಿಕೊಂಡು ಹೋಗುವುದು ಅದೊಂದೇ ಎಂದ.

“ಹಂಗಾರ ಒಡಪ ಹಾಕಿ ಅನು” ಎಂದ ದೊಡ್ಡಬಸಪ್ಪ. ಮದುವೆ ಮುಂಜಿಯಲ್ಲಿ ಹೆಂಡತಿ ಗಂಡನ ಹೆಸರನ್ನು ಪ್ರಾಸದ ಒಡಪದಲ್ಲಿ ಕಟ್ಟಿ ಹೇಳಿದರೆ ದೋಷವಿಲ್ಲ.

ಅಮರಮ್ಮನೂ ಬಿಡುವವಳಲ್ಲ. ಸೆರಗು ಸರಿಮಾಡಿಕೊಂಡು ರಾಗ ತೆಗೆದಳು. “ಮಸ್ಕಿ ಗುಡ್ಡದ ಮ್ಯಾಲ ಮಲ್ಲಯ್ಯನ ಗುಡಿ, ಗುಡ್ಡದ ಕೆಳಗ ಜಾಲಿಯ ನೆಳ್ಳಾಗ ಸಾಹೇಬರ ಗಾಡಿ, ಹಿಂದ ಬರೋ ಗಾಡಿಗೆ ಅಡ್ಡ ನಿಂತೀನಿ ನೋಡಿ…”

“ನಿಂತ ನಿಂತ ಗಾಡಿ ಮೈಮ್ಯಾಲ ಬಂತು, ನೀ ಇನ್ನೂ ಹೆಸರಿಗೆ ಬರವಲ್ಲಿ!” ಎಂದು ಮಕ್ತುಮ್‌ಸಾಬ್ ಕಣ್ಣೊರೆಸಿಕೊಂಡು ನಕ್ಕ.

ಕೊನೆಗೆ ಒಪ್ಪಂದವಾದದ್ದು ಕೈಗೆ. ಅಮರಮ್ಮ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿದಳೆಂದರೆ ಕೋಟಯ್ಯ ನಿಲ್ಲಿಸಬೇಕು. ಬಾಯಿಗೆ ಕೆಲಸವೇ ಇಲ್ಲ. ಮಸ್ಕಿಯಲ್ಲಿ ಉಳಿದ ಗಾಡಿಗಳನ್ನೆಲ್ಲ ಹಾಗೆಯೇ ಒಳಗೆ ತಂದು, ಹಾಗೆಯೇ ಹೊರಗೆ ಕಳಿಸಿದರು. ಕೋಟಯ್ಯ ಆಕೆಯನ್ನು ‘ಅಕ್ಕಾ’ ಎನ್ನತೊಡಗಿದ.

ಈಗ ಸಿಂಧನೂರು. ಕ್ಯಾಂಪಿನ ಗಾಡಿಗಳಲ್ಲೆಲ್ಲ ಉದ್ದನೆಯದು ಇದೇ, ಹೊಸ ಕಿಟಕಿ ಹಾಕಿಸಿಕೊಂಡು ಬಂದ ಶಿವಶರಣಪ್ಪನವರ ಮನಿಮೋಟಾರು. ಅವರು ಹಲ್ಲುಕಡ್ಡಿ ಜಗಿಯುತ್ತ ದಾರಿಯ ಅಂಚಿನಲ್ಲಿ ನಿಂತಿದ್ದಾರೆ. ಅಮರಮ್ಮ ಬಯಲಿನಲ್ಲಿದ್ದ ಆಳುಗಳನ್ನು ಆಚೆ ಕಳಿಸುತ್ತಾಳೆ, ಮೆಟ್ಟಿಲು ಮಡಚಿದೆಯೇ ನೋಡುತ್ತಾಳೆ, ಹೊಸ ಕಿಟಕಿಯನ್ನು ತಾನೇ ತಳ್ಳಿ ಮುಚ್ಚುತ್ತಾಳೆ. “ಕೋಟಯ್ಯಾ, ಗಡಬಡಿ ಮಾಡಬ್ಯಾಡಪ್ಪ” ಎಂದು ಹೇಳಿ ಹಿಂದೆ ಹೋಗಿ, ಬಲಗಡೆಯ ಕನ್ನಡಿಗೆ ಕಾಣುವಂತೆ ನಿಲ್ಲುತ್ತಾಳೆ.

“ಆನೇ ದೋ… ಆನೇ ದೋ…”

ಗಾಡಿ ಇಳಿಯುತ್ತದೆ. ಹಿಂದಿನ ಗಾಲಿ ಜಾಲಿ ಟೊಂಗೆಯ ಗುರುತನ್ನು ಬಿಟ್ಟು ಗಟ್ಟಿ ನೆಲ ಹಿಡಿಯುತ್ತದೆ. ಹೊಗೆಕೊಳವೆ ಬೇವಿನ ಟೊಂಗೆಯ ಪಕ್ಕದಲ್ಲಿ ತಪ್ಪಿಸಿಕೊಂಡು ಬರುತ್ತದೆ. ಎಲ್ಲ ಸರಿಯಾಗಿಯೇ ನಡೆಯುತ್ತಿರುವಾಗ ಎರಡು ಸಂಗತಿ ಒಟ್ಟಿಗೆ ಆಗುತ್ತವೆ. ಗಾಡಿಯ ಬೆನ್ನು ಮೂಡಲಿಗಿದೆ, ಮೂಡಲಲ್ಲಿ ಸೂರ್ಯ ಒಮ್ಮೆಲೇ ಮೇಲೇಳುತ್ತಾನೆ, ಕೋಟಯ್ಯನ ಕನ್ನಡಿಯ ತುಂಬ ಬೆಂಕಿಯೇ ಬೆಂಕಿ. ಅದೇ ಹೊತ್ತಿಗೆ ಬೇವಿನ ಗಿಡದ ಆಚೆಯಿಂದ ದೊಡ್ಡಬಸಪ್ಪ ನೀರಿನ ಬಂಡಿ ಹೊಡೆದುಕೊಂಡು ಬರುತ್ತಾನೆ. ಕುಲುಕಾಟಕ್ಕೆ ಪೀಪಾಯಿಯ ಬಿರಡೆ ಕಿತ್ತು ಎಲ್ಲೋ ಹಾರುತ್ತದೆ. ನೀರು ಸುರಿಯುತ್ತಿದೆ. ಅವನು ಇಳಿದು, ಒಂದು ಕೈಯನ್ನು ತೂತಿಗೆ ಒತ್ತಿ ಹಿಡಿದು, ಸರಿಯುತ್ತಿರುವ ಗಾಡಿಗೆ ಬೆನ್ನು ಹಾಕಿ, ಹುಲ್ಲಿನಲ್ಲಿ ಬಿರಡೆ ಹುಡುಕಲು ಬಗ್ಗುತ್ತಾನೆ. ಎಂಜಿನ್ನಿನ ಕಡೆಗಿರುವುದು ಅವನ ಮಂದ ಕಿವಿ.

ಅಮರಮ್ಮ ಕೈ ಎತ್ತುತ್ತಾಳೆ. ಗಾಡಿ ನಿಲ್ಲುವುದಿಲ್ಲ.

ಇನ್ನೊಂದು ಕೈಯನ್ನೂ ಎತ್ತುತ್ತಾಳೆ. ಗಾಡಿ ಬರುತ್ತಲೇ ಇದೆ. ಬಾಯಿಗೆ ಬಂದದ್ದು ‘ಸಾಕು’. ಆದರೆ ‘ಸಾಕು’ ಎಂದರೆ ಗಾಡಿ ಸಾಗುತ್ತದೆ. ಆ ಒಂದು ಗಳಿಗೆಯಲ್ಲಿ ಅವ್ವ ಹೇಳಿದ್ದೆಲ್ಲ ಅಡ್ಡ ನಿಂತಿತ್ತು ಎಂದು ಆಕೆ ಆಮೇಲೆ ಹೇಳುತ್ತಾಳೆ. ಅದನ್ನು ದಾಟಿ ಬಂದ ಕೂಗು ಮಾತ್ರ ಕ್ಯಾಂಪಿನ ಕೊನೆಯ ಡೇರೆಯ ತನಕ ಕೇಳಿತು.

“ಬಸ್ಸ್!”

ಬ್ರೇಕಿನ ಕಿರುಚಾಟಕ್ಕೆ ಎತ್ತುಗಳು ಬೆದರಿ ಪಕ್ಕಕ್ಕೆ ಸರಿಯುತ್ತವೆ. ಗಾಡಿ ನಿಂತಿದೆ. ಅದರ ಬಾಲಕ್ಕೂ ದೊಡ್ಡಬಸಪ್ಪನ ಬೆನ್ನಿಗೂ ನಡುವೆ ಒಂದು ಹೆಜ್ಜೆ ಇಡುವಷ್ಟೂ ಜಾಗವಿಲ್ಲ. ಅವನು ಮಾತ್ರ ಗಾಡಿಯ ಕಡೆ ನೋಡುವುದೇ ಇಲ್ಲ. ಬಿರಡೆ ಕೈಯಲ್ಲಿ ಹಿಡಿದು ನಿಧಾನ ಎದ್ದು ನಿಂತು ಹೆಂಡತಿಯ ಕಡೆ ತಿರುಗುತ್ತಾನೆ.

“ಏನ್ಲೇ? ಕರದಿ ಏನ್?”

ಅಮರಮ್ಮ ಇದ್ದಲ್ಲೇ ನೆಲಕ್ಕೆ ಕೂರುತ್ತಾಳೆ. ತಾಳಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಆಕೆ ಹೆದರಿದ್ದು ಗಾಡಿಗೋ ಮಾತಿಗೋ ಯಾರಿಗೂ ತಿಳಿಯುವುದಿಲ್ಲ. ಕೋಟಯ್ಯ ಓಡಿ ಬರುತ್ತಾನೆ. “ಅಕ್ಕಾ, ಕನ್ನಡಿಯಲ್ಲಿ ಬರೀ ಬಿಸಿಲು. ನೀನು ಕಾಣ್ದಾಗಲೇ ನಾನು ನಿಲ್ಲಿಸ್ಬೇಕಿತ್ತು. ನಾನೇ ತಪ್ಪು ಮಾಡಿದ್ನಿ” ಎಂದು ಅವಳ ಮುಂದೆ ಕೂತುಬಿಡುತ್ತಾನೆ.

“ಅಲ್ಲಪ್ಪ, ಮೂಡಲಕ್ಕ ಬೆನ್ನ ಮಾಡಿ ಬರೋದೈತಿ, ಹೊತ್ತ ಏರೂತನಕ ತಡೀಬೇಕು ಅನ್ನೋದು ನನಗರ ಹೊಳೀಬೇಕಿತ್ತು” ಎನ್ನುತ್ತಾಳೆ ಅಮರಮ್ಮ, ಇನ್ನೂ ತಾಳಿ ಬಿಡದೆ. “ಇವರ ಆಯುಷ್ಯ ನಾನ ಕಡಿಮಿ ಮಾಡಿದ್ನಲ್ಲಪ್ಪೋ.”

ದೊಡ್ಡಬಸಪ್ಪನಿಗೆ ಈಗ ಎಲ್ಲ ಅರ್ಥವಾಗಿದೆ. ಗಾಡಿಯ ಬಾಲವನ್ನೊಮ್ಮೆ, ತಾನು ಬಗ್ಗಿದ್ದ ಜಾಗವನ್ನೊಮ್ಮೆ ನೋಡುತ್ತಾನೆ. ಬಿರಡೆಯನ್ನು ಪೀಪಾಯಿಗೆ ಗುದ್ದಿ ಕೂರಿಸುತ್ತ ಎಂದಿನ ದನಿಯಲ್ಲೇ ಹೇಳುತ್ತಾನೆ. “ಅರ್ಧಾ ಹೆಸರ ಅಂದೀದಿ, ಅರ್ಧಾ ಆಯುಷ್ಯ ಹೋತು ಅನಕೋ. ನೀ ಸುಮ್ಮಿದ್ದಿದ್ರ ಪೂರಾನ ಹೋಗತಿತ್ತಲ್ಲಬೇ. ಏಳು, ನೀರ ಕುಡಿ. ಪೀಪಾಯಿಯಾಗ ಇನ್ನಾ ಒಂದೀಟು ಐತಿ.”

ಶಿವಶರಣಪ್ಪನವರು ಗಾಡಿಯನ್ನು ಒಂದು ಸುತ್ತು ಬರುತ್ತಾರೆ. ಹೊಸ ಕಿಟಕಿಯನ್ನು ಬೆರಳಿನಿಂದ ಸವರಿ ನೋಡುತ್ತಾರೆ. ಮಾಡಿನ ಮೇಲಿನ ಕೊಳವೆ ನೆಟ್ಟಗಿದೆ. ಬಾಯಲ್ಲಿದ್ದ ಹಲ್ಲುಕಡ್ಡಿ ಉಗುಳಿ, ಅಮರಮ್ಮನ ಮುಂದೆ ನಿಲ್ಲುತ್ತಾರೆ. ಆಕೆ ಅವಸರದಿಂದ ಏಳುತ್ತಾಳೆ.

“ಲಿಂಗಸುಗೂರಿನಿಂದ ಇನ್ನೂ ಗಾಡಿ ಬರೋವು ಅದಾವ. ಅವನ್ನೂ ನೀನ ಒಳಗ ತರಬೇಕು. ಬ್ಯಾರೆಯವರನ್ನ ನಾ ಹುಡಕಂಗಿಲ್ಲ” ಎನ್ನುತ್ತಾರೆ. ಸ್ವಲ್ಪ ದೂರ ಹೋಗಿ ತಿರುಗಿ, “ಬಿಸಲ ಏರಿದಮ್ಯಾಲ ತರ್ರೆಪ್ಪಾ” ಎಂದು ಸೇರಿಸುತ್ತಾರೆ.

ಕೋಟಯ್ಯನ ಗಾಡಿ ಇನ್ನೂ ಅರ್ಧ ದಾರಿಯಲ್ಲಿದೆ. ಸೂರ್ಯ ಬೇವಿನ ತಲೆ ದಾಟಿದ ಮೇಲೆ ಅಮರಮ್ಮ ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತಾಳೆ. ಇನ್ನು ಮುಂದೆ ಏನೆಂದು ಕೂಗುವುದು ಎಂದು ಯಾರೂ ಕೇಳುವುದಿಲ್ಲ, ಕೇಳುವ ಧೈರ್ಯ ಗಾಡಿಗಳ ಕಾವಲಿಗೆಂದು ಜೊತೆಗೇ ಬಂದ ಮಕ್ತುಮ್‌ಸಾಬನಿಗೂ ಇಲ್ಲ. ಆಕೆಯೇ ಸೆರಗಿನಿಂದ ಮುಖ ಒರೆಸಿಕೊಂಡು ಹೇಳುತ್ತಾಳೆ, “ಶಿವಗ ಗೊತ್ತಾಗತೈತ್ರಿ, ಯಾರನ್ನ ಅಂದೆ ಅಂತ. ಮಂದಿ ಉಳಿಯೂ ಮಾತು ಬಾಯಾಗ ಇಟಕೊಂಡು ಸುಮ್ಮನ ನಿಂದ್ರಾಕಾಗತೈತೇನ್ರಿ? ಅದರ ಸಲುವಾಗೇ ಅಲ್ಲೇನ್ರಿ ನನ್ನ ಹಿಂದ ನಿಂದ್ರಿಸಿದ್ದು?”

“ಆನೇ ದೋ… ಆನೇ ದೋ…”

ಗಾಲಿ, ನಿಲ್ಲಬೇಕಾದ ಕಡೆ ಗುರುತಿಗಿಟ್ಟ ಕಲ್ಲಿನ ಹತ್ತಿರ ಬರುತ್ತದೆ. ಅಮರಮ್ಮ ಕೈ ಎತ್ತುತ್ತಾಳೆ, ಇನ್ನೊಂದು ಕೈಯಲ್ಲಿ ತಾಳಿ ಹಿಡಿದು ಗಟ್ಟಿಯಾಗಿ “ಬಸ್!” ಎನ್ನುತ್ತಾಳೆ.

ಗಾಡಿ ಕಲ್ಲಿಗೆ ತಾಗಿ ತಾಗದಂತೆ ನಿಲ್ಲುತ್ತದೆ. ಬಯಲಿನ ಆ ಕೊನೆಯಿಂದ, ಖಾಲಿ ಪೀಪಾಯಿಯ ಬಂಡಿಯ ಮೇಲಿಂದ, ದೊಡ್ಡಬಸಪ್ಪ ರಾಗವಾಗಿ ಉತ್ತರ ಕೊಡುತ್ತಾನೆ.

“ಓಽಽ!”

ಆಳುಗಳೆಲ್ಲ ಗೊಳ್ಳೆಂದು ನಗುತ್ತಾರೆ. ಅಮರಮ್ಮ ಆ ಕಡೆ ತಿರುಗುವುದಿಲ್ಲ. ಬಗ್ಗಿ ಗಾಲಿಗೆ ಅಡ್ಡಗಲ್ಲು ಕೊಡುತ್ತ, ಯಾರಿಗೂ ಕಾಣದಂತೆ ನಗುತ್ತ, ನೆಲಕ್ಕೆ ಹೇಳುತ್ತಾಳೆ.

“ನಿಮಗಲ್ರೀ. ಗಾಡಿಗೆ.”